ಡಂಗುರದ ಮುತ್ಯಾ ಅಂಜಿದ್ದು

ಅಷ್ಟು ಅಂಜುಬುರುಕ ಮನುಷ್ಯನನ್ನು ನಾನು ನನ್ನ ಜನ್ಮದಲ್ಲಿ ನೋಡಿಲ್ಲ. ಹೋದ ತಿಂಗಳು ಅವನು ತೀರಿಕೊಂಡ. ಸತ್ತವರ ಬಗ್ಗೆ ಮೊದಲ ಮಾತಿಗೇ ಹೀಗೆ ಅನ್ನಬಾರದು, ಗೊತ್ತು. ಆದರೆ ಮುತ್ಯಾ ಬದುಕಿದ್ದಾಗಲೇ ಇದನ್ನು ಅವನ ಮುಖದೆದುರು ಎಷ್ಟೋ ಸಲ ಅಂದಿದ್ದೇನೆ. ಅವನೂ ‘ಖರೆ ಐತ್ರಿ ಅಕ್ಕಾರ’ ಎಂದು ಒಪ್ಪಿಕೊಂಡು ನಕ್ಕಿದ್ದಾನೆ. ಹಾಗಾಗಿ ಇದು ಚಾಡಿಯಲ್ಲ.

ಕುಷ್ಟಗಿಯಿಂದ ತಾವರಗೇರಾಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ಸರಿದರೆ ನಮ್ಮ ಊರು. ಊರಿನ ಹೆಸರು ಬೇಡ. ನನ್ನ ಹಿಟ್ಟಿನ ಗಿರಣಿ ಇನ್ನೂ ಅಲ್ಲೇ ಇದೆ, ನಾನೂ ಅಲ್ಲೇ ಬಾಳಬೇಕು. ನಮ್ಮವರು ಕಾರಟಗಿಯ ಅಕ್ಕಿ ಮಿಲ್ಲಿನಲ್ಲಿ ಕೆಲಸಕ್ಕಿದ್ದಾರೆ, ವಾರಕ್ಕೊಮ್ಮೆ ಬಂದು ಉಂಡು ಮಲಗಿ ಹೋಗುತ್ತಾರೆ. ಗಿರಣಿ ನಡೆಸುವವಳು, ಬೈಯುವವಳು, ಬೈಸಿಕೊಳ್ಳುವವಳು ಎಲ್ಲಾ ನಾನೇ. ನನ್ನ ಬಾಯಿ ಜೋರು ಅಂತ ಊರೆಲ್ಲಾ ಹೇಳುತ್ತದೆ. ಗಿರಣಿ ಸದ್ದಿನಲ್ಲಿ ಮೆಲ್ಲಗೆ ಮಾತಾಡಿದರೆ ಯಾರಿಗೆ ಕೇಳಬೇಕು ಹೇಳಿ.

ಬಾಯಿ ಜೋರಿನಲ್ಲಿ ನನ್ನನ್ನು ಮೀರಿಸಿದವನು ಮುತ್ಯಾ ಒಬ್ಬನೇ. ನಮ್ಮ ಕಡೆ ಮುತ್ಯಾ ಅಂದರೆ ಅಜ್ಜ, ಅವನು ನಮ್ಮೂರಿನ ಡಂಗುರ ಸಾರುವವನು. ಅವನಪ್ಪನೂ ಅದೇ, ಅಜ್ಜನೂ ಅದೇ. ಆಳು ನೋಡಿದರೆ ಒಣಗಿದ ಜೋಳದ ದಂಟು. ಎಡ ಹೆಗಲಿಗೆ ಚರ್ಮ ಬಿಗಿದ ಹಲಗೆ, ಕಿವಿಯ ಸಂದಿಯಲ್ಲಿ ಬೀಡಿ. ಓಣಿಯ ಬಾಯಿಗೆ ನಿಂತು ಹಲಗೆ ಬಡಿದು, ಒಂದು ಕಣ್ಣು ಮುಚ್ಚಿ, ಕತ್ತು ಮೇಲೆತ್ತಿ ‘ಕೇಳ್ರೆಪ್ಪೋ ಕೇಳ್ರಿ’ ಅಂದನೆಂದರೆ ಹೊಲದಲ್ಲಿ ಕಳೆ ಕೀಳುವವರು ಸೊಂಟ ನೆಟ್ಟಗೆ ಮಾಡಿ ನಿಲ್ಲುತ್ತಿದ್ದರು. ರೇಷನ್ ಬಂದದ್ದು, ಕರೆಂಟು ಹೋಗುವುದು, ಎಮ್ಮೆ ಕಳೆದದ್ದು, ಗ್ರಾಮಸಭೆ ಸೇರುವುದು, ಎಲ್ಲವೂ ಅವನ ಗಂಟಲಿನಿಂದಲೇ ನಮಗೆ ತಿಳಿಯಬೇಕು.

ಅಂಥ ಗಂಟಲಿನವನಿಗೆ ನಾಯಿ ಅಂದರೆ ಅಂಜಿಕೆ. ಒಂದೊಂದು ಓಣಿಯ ನಾಯಿಗೂ ಒಂದೊಂದು ರೊಟ್ಟಿ ತುಣುಕು ಕಿಸೆಯಲ್ಲಿ ಇಟ್ಟುಕೊಂಡಿರುತ್ತಿದ್ದ. ಲಸಿಕೆ ಹಾಕುತ್ತಾರೆ, ಎಲ್ಲರೂ ತಪ್ಪದೆ ಬರ್ರಿ ಎಂದು ಊರಿಗೆಲ್ಲಾ ಸಾರಿ, ತಾನು ಮಾತ್ರ ಜೋಳದ ಹೊಲದಲ್ಲಿ ಅಡಗಿ ಕುಳಿತಿದ್ದ. ತಾವರಗೇರಾದ ಸಂತೆಯಲ್ಲಿ ಯಾರೋ ಖಾಕಿ ತೊಟ್ಟವನು ‘ಏ, ಚೀಲದಾಗ ಏನೈತಿ?’ ಅಂದದ್ದಕ್ಕೆ ಹಲಗೆಯನ್ನು ಅಲ್ಲೇ ಬಿಟ್ಟು ಓಡಿಬಂದು, ಆಮೇಲೆ ಅದನ್ನು ತರಲು ಮಗನನ್ನು ಕಳಿಸಿದ್ದ. ನನ್ನ ಗಿರಣಿಯ ಮೋಟಾರು ತಿರುಗಿಸುವ ಪಟ್ಟಾ ಕಂಡರೂ ಅವನಿಗೆ ಭಯ. ಅದು ಹರಿದು ಹಾರಿ ಕುತ್ತಿಗೆಗೆ ಬಡಿಯುತ್ತದೆಂದು ಯಾವಾಗಲೂ ಬಾಗಿಲ ಕಡೆ ಚೀಲದ ಮೇಲೆ ಕೂರುತ್ತಿದ್ದ.

‘ಇಷ್ಟ್ಯಾಕ ಅಂಜತಿ ಮುತ್ಯಾ?’ ಎಂದು ಕೇಳಿದರೆ ಅವನದೊಂದು ಮಾತಿತ್ತು. ‘ಅಂಜಿದಾಂವ ಉಳದಾನ್ರಿ ಅಕ್ಕಾರ. ಅಂಜದಾಂವ ಗ್ವಾಡಿ ಮ್ಯಾಲ ಫೋಟೋ ಆಗ್ಯಾನ.’

ಈಗ ಮನೆಮನೆಗೂ ಮೊಬೈಲ್ ಇರುವಾಗ ಡಂಗುರ ಯಾಕೆ ಎಂದು ನೀವು ಕೇಳಬಹುದು. ನಮ್ಮೂರಿಗೂ ವಾಟ್ಸಾಪ್ ಗುಂಪಿದೆ. ಅದರಲ್ಲಿ ಬೆಳಿಗ್ಗೆ ಎದ್ದರೆ ದೇವರ ಫೋಟೋ, ಮಲಗುವಾಗ ದೇವರ ಫೋಟೋ. ಆದರೆ ಕೆಲವು ಮಾತನ್ನು ನಮ್ಮ ಹಿರಿಯರು ಅದರಲ್ಲಿ ಹಾಕುವುದಿಲ್ಲ. ನಮ್ಮ ಕಡೆ ಗೌಡರು, ಊರ ಹಿರಿಯರು ಊರಬಾಗಿಲಿನ ಅಗಸಿಯ ಕಟ್ಟೆಯ ಮೇಲೆ ಕೂಡಿದರೆ ಅದಕ್ಕೆ ‘ದೈವ’ ಎನ್ನುತ್ತೇವೆ. ದೈವ ಯಾರನ್ನಾದರೂ ಊರಿನಿಂದ ಹೊರಗಿಟ್ಟರೆ, ಅಂದರೆ ಬಹಿಷ್ಕಾರ ಹಾಕಿದರೆ, ಅದು ಬರಹದಲ್ಲಿ ಇರಬಾರದು. ಬಾಯಿಂದ ಹೊರಟು ಗಾಳಿಗೆ ಹೋಗಬೇಕು. ಅದಕ್ಕೆ ಮುತ್ಯಾ ಬೇಕು.

ಆ ಡಂಗುರಕ್ಕೆ ಒಂದು ಪದ್ಧತಿ. ಅಗಸಿಯಿಂದ ಹೊರಟು ಓಣಿ ಓಣಿ ಸಾರುತ್ತಾ ಬಂದು, ಕೊನೆಗೆ ಯಾರನ್ನು ಹೊರಗಿಟ್ಟಿದ್ದಾರೋ ಅವರ ಬಾಗಿಲ ಮುಂದೆಯೇ ನಿಂತು ಪೂರಾ ಸಾರಬೇಕು. ನನಗೆ ಕೇಳಿಸಲಿಲ್ಲ ಎಂದು ಅವರು ನಾಳೆ ಅನ್ನಬಾರದು. ಮುಗಿಸುವಾಗ ‘ದೈವ ಹೇಳೈತಿ, ನಾ ಸಾರೇನಿ’ ಎನ್ನಬೇಕು. ಯಾರು ಹೇಳಿದರು, ಎಷ್ಟು ಜನ ಹೇಳಿದರು, ಯಾರು ಬೇಡ ಅಂದರು, ಏನೂ ಇಲ್ಲ. ದೈವ ಹೇಳೈತಿ, ಅಷ್ಟೇ.

ಹಾಗೆ ಸಾರಿ ಬಂದ ದಿನ ಮುತ್ಯಾ ನನ್ನ ಗಿರಣಿಗೆ ಬಂದು, ‘ನಾಲಿಗಿ ಕಹಿ ಆಗೈತಿ, ಒಂದೀಟು ಬೆಲ್ಲ ಕೊಡ್ರಿ’ ಎನ್ನುತ್ತಿದ್ದ. ಬೆಲ್ಲ ಬಾಯಿಗೆ ಹಾಕಿಕೊಂಡು ನೆಲ ನೋಡುತ್ತಾ ಕೂರುತ್ತಿದ್ದ.

ಹೋದ ದೀಪಾವಳಿ ಮುಗಿದ ಮೇಲೆ ಅವನು ಹಾಗೆ ಬಂದ. ನಮ್ಮೂರಿನ ಹುಡುಗನೊಬ್ಬ ಗಂಗಾವತಿಯಲ್ಲಿ ಕೆಲಸ ಕಲಿತು ಬಂದು ಬಸ್ ನಿಲ್ದಾಣದ ಹತ್ತಿರ ಕಟಿಂಗ್ ಅಂಗಡಿ ಇಟ್ಟಿದ್ದ. ದೊಡ್ಡ ಕನ್ನಡಿ, ತಿರುಗುವ ಕುರ್ಚಿ, ಎಲ್ಲಾ ಚಂದ. ಊರಾಚೆಯ ಕೇರಿಯ ಹುಡುಗರು ಬಂದರು, ಅವರನ್ನೂ ಅದೇ ಕುರ್ಚಿಯಲ್ಲಿ ಕೂರಿಸಿ ಕೂದಲು ಕತ್ತರಿಸಿದ. ಅವರಲ್ಲಿ ಮುತ್ಯಾನ ಮೊಮ್ಮಗನೂ ಒಬ್ಬ. ಮೇಲಿನ ಓಣಿಯವರಿಗೆ ಮೈ ಉರಿಯಿತು. ದೈವ ಕೂಡಿತು. ಕಟಿಂಗ್ ಅಂಗಡಿಯವನ ಮನೆಗೆ ನೀರಿಲ್ಲ, ಬೆಂಕಿಯಿಲ್ಲ, ಕಿರಾಣಿಯಿಲ್ಲ, ಹಿಟ್ಟಿಲ್ಲ, ಮಾತಾಡಿದವರಿಗೆ ದಂಡ ಎಂದು ಠರಾವಾಯಿತು. ಅದನ್ನು ಮುತ್ಯಾ ಓಣಿ ಓಣಿ ಸಾರಿ, ಆ ಹುಡುಗನ ಬಾಗಿಲಲ್ಲೂ ನಿಂತು ಸಾರಿ ಬಂದಿದ್ದ.

ನನಗೆ ಸಿಟ್ಟು ನೆತ್ತಿಗೇರಿತು. ‘ನಿನ್ನ ಮೊಮ್ಮಗನ ಕೂದಲ ಕತ್ತರಿಸಿದ್ದಕ್ಕ ಅವನ್ನ ಹೊರಗ ಹಾಕ್ಯಾರ, ಅದನ್ನ ನೀನ ಸಾರಿ ಬಂದಿಯಲ್ಲೋ. ಒಲ್ಲೆ ಅನ್ನಾಕ ಬಾಯಿ ಇರಲಿಲ್ಲೇನು?’

‘ಬಾಯಿ ಐತ್ರಿ ಅಕ್ಕಾರ, ಎದಿ ಇಲ್ಲ,’ ಎಂದ. ಅವತ್ತು ಬೆಲ್ಲವನ್ನೂ ಕೇಳಲಿಲ್ಲ.

ಕೆಲವು ದಿನ ಕಳೆದು, ಆ ಕಟಿಂಗ್ ಅಂಗಡಿಯವನ ಹೆಂಡತಿ ಜೋಳದ ಡಬ್ಬಿ ಸೊಂಟದ ಮೇಲಿಟ್ಟುಕೊಂಡು ಗಿರಣಿಯ ಹಿಂಬಾಗಿಲಿಗೆ ಬಂದಳು. ಡಬ್ಬಿ ಇಳಿಸಿ ನಿಂತಳು. ನಾನು ಧೈರ್ಯದಿಂದ ಬೀಸಿಕೊಟ್ಟೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೊಟ್ಟೆಯ ಸಿಟ್ಟಿಗೆ ಬೀಸಿದೆ. ನನ್ನ ಗಿರಣಿಗೆ ಯಾವ ಜೋಳ ಹಾಕಬೇಕೆಂದು ಕಟ್ಟೆಯ ಮೇಲೆ ಕುಳಿತವರು ಹೇಳುವುದೆ? ನನ್ನನ್ನು ಒಂದು ಮಾತು ಕೇಳಿದ್ದಾರಾ?

ಕದ್ದು ಮಾಡುವ ಕೆಲಸಕ್ಕೆ ಗಿರಣಿಯಂಥ ಕೆಟ್ಟ ಜಾಗ ಇನ್ನೊಂದಿಲ್ಲ. ಅದು ಊರಿಗೆಲ್ಲಾ ಕೇಳುವಂತೆ ಅರಚುತ್ತದೆ. ಅದು ಹೋಗಲಿ, ಮುಂದಿನ ಪಾಳಿಯ ಹೆಣ್ಣುಮಗಳು ಬಂದು ಎಂದಿನಂತೆ ‘ಮದಲ ಏನ ಬೀಸಿದ್ದಿ?’ ಎಂದು ಕೇಳಿದಳು. ಗಿರಣಿಗೆ ಬರುವವರೆಲ್ಲಾ ಕೇಳುವ ಪ್ರಶ್ನೆ ಅದು. ಹಿಂದಿನವರ ಹಿಟ್ಟು ಕಲ್ಲಿನ ಸಂದಿಯಲ್ಲಿ ಉಳಿದು ನಮ್ಮದಕ್ಕೆ ಕೂಡುತ್ತದಲ್ಲ. ಜೋಳ ಎಂದೆ. ‘ಯಾರ ಜೋಳ?’ ಅಂದಳು. ನಾನು ಬಾಯಿ ತೆರೆಯುವುದರೊಳಗೆ ಹಿಂಬಾಗಿಲಿನಿಂದ ಹೋಗುತ್ತಿದ್ದವಳ ಸೆರಗು ಕಂಡಳು. ತನ್ನ ಡಬ್ಬಿ ಎತ್ತಿಕೊಂಡು ಬೀಸಿಸದೆ ಹೊರಟಳು. ಆಗ ನನಗೆ ಮೊದಲ ಸಲ ಅಂಜಿಕೆಯಾಯಿತು.

ಅದೇ ವೇಳೆಗೆ ಬೆಳಗಾವಿಯಲ್ಲಿ ಚಳಿಗಾಲದ ಅಧಿವೇಶನ ನಡೆದಿತ್ತು. ಗಿರಣಿಯಲ್ಲಿ ನಾನೊಂದು ಸಣ್ಣ ಟೀವಿ ಇಟ್ಟಿದ್ದೇನೆ. ಅದರ ಮುಖದ ಮೇಲೆ ಸದಾ ಹಿಟ್ಟಿನ ಧೂಳು. ಕರೆಂಟು ಸಣ್ಣಗಾಗಿ ಗಿರಣಿ ನಿಂತಿತ್ತು, ಟೀವಿ ನಡೆದಿತ್ತು. ವಿಧಾನಸಭೆಯಲ್ಲಿ ಮಸೂದೆಗಳ ಮೇಲೆ ಮಸೂದೆಗಳು. ಒಬ್ಬರು ಏಳುತ್ತಾರೆ, ಒಬ್ಬರು ಕೂರುತ್ತಾರೆ, ಹಿಂದಿನ ಸಾಲಿನಲ್ಲಿ ಒಬ್ಬರು ಆಕಳಿಸುತ್ತಾರೆ, ಅರ್ಧ ಕುರ್ಚಿ ಖಾಲಿ. ನಾನು ಧಾರಾವಾಹಿಗೆ ತಿರುಗಿಸಬೇಕು ಅನ್ನುವಷ್ಟರಲ್ಲಿ ‘ಸಾಮಾಜಿಕ ಬಹಿಷ್ಕಾರ’ ಎಂಬ ಮಾತು ಕೇಳಿ ಕೈ ನಿಂತಿತು.

ಮುತ್ಯಾ ಬಾಗಿಲ ಹತ್ತಿರ ಚೀಲದ ಮೇಲಿದ್ದ. ಮಂತ್ರಿಗಳು ಎದ್ದು ವಿವರಿಸಿದರು. ಊರಿನವರು ಸೇರಿ ಒಂದು ಮನೆಯವರನ್ನು ಹೊರಗಿಡುವುದು ಅಪರಾಧ, ಹಾಗೆ ಹೇಳಿದವರಿಗೂ ಅದಕ್ಕೆ ನೆರವಾದವರಿಗೂ ಜೈಲು ಎಂದು ಟೀವಿಯವರು ಕೆಳಗೆ ಅಕ್ಷರ ಓಡಿಸಿದರು. ನಾನು ಅದನ್ನು ಓದಿ ಹೇಳಿದೆ. ಆಮೇಲೆ ಸಭಾಧ್ಯಕ್ಷರು ಪರವಾಗಿರುವವರು ಹೌದು ಎನ್ನಿ ಎಂದರು. ‘ಹೌದು, ಹೌದು’ ಎಂದು ಒಂದಷ್ಟು ದನಿ. ಬೇಡ ಎನ್ನುವವರು ಇಲ್ಲ ಎನ್ನಿ ಎಂದರು. ಯಾರೂ ಅನ್ನಲಿಲ್ಲ. ಮಸೂದೆ ಅಂಗೀಕಾರವಾಯಿತು ಎಂದು ಗಟ್ಟಿಯಾಗಿ ಸಾರಿದರು.

ಮುತ್ಯಾ ಚೀಲದಿಂದ ಎದ್ದು ನಿಂತಿದ್ದ. ‘ಅಲ್ಲೂ ಬಾಯಿಲೇ ಆಕ್ಕೈತೇನ್ರಿ ಅಕ್ಕಾರ?’

‘ಹೂಂ, ಬಾಯಿಲೇ ಆತಲ್ಲ. ನೀನೂ ನೋಡಿದಿ.’

‘ಸಾರಿಬಿಟ್ರು?’

‘ಸಾರಿಬಿಟ್ರು.’

ಅವನ ಮುಖ ಹಿಟ್ಟಿನಂತೆ ಬೆಳ್ಳಗಾಯಿತು. ಅವನ ಲೆಕ್ಕದಲ್ಲಿ ಸಾರಿದ್ದು ಅಂದರೆ ಆದದ್ದು. ಅವನು ಜೀವಮಾನವಿಡೀ ಕಂಡದ್ದು ಅದನ್ನೇ. ಹಲಗೆಯ ಕೊನೆಯ ಪೆಟ್ಟು ಬಿದ್ದ ಗಳಿಗೆಯಿಂದ ಠರಾವು ಜಾರಿ. ಈ ಸರಕಾರದ ಮನುಷ್ಯ ಹಲಗೆ ಇಲ್ಲದೆ ಸಾರಿದ, ಅಷ್ಟೇ ಫರಕು. ಅವನನ್ನು ನೋಡಿ ಯಾಕೆ ನಗಬೇಕು, ನನಗೂ ಹಾಗೇ ಅನ್ನಿಸಿತ್ತು. ಕಟ್ಟೆಯ ಮೇಲಿದ್ದವರಿಗೂ ಹಾಗೇ ಅನ್ನಿಸಿತ್ತು, ದೈವದ ಮಾತಿಗೆ ಯಾರ ಹೆಸರೂ ಇಲ್ಲವಲ್ಲ ಎಂಬ ಧೈರ್ಯ ಮಾತ್ರ ಅವರಿಗಿತ್ತೆಂದು ಆಮೇಲೆ ತಿಳಿಯಿತು.

‘ನೆರವಾದವ್ರು ಅಂದ್ರ ಯಾರ್ರಿ?’ ಎಂದು ಕೇಳಿದ. ನಾನು ಅವನ ಹೆಗಲ ಮೇಲಿನ ಹಲಗೆ ನೋಡಿದೆ. ಅವನೂ ನೋಡಿಕೊಂಡ. ಅದನ್ನು ಕಂಕುಳಿಗೆ ಸರಿಸಿಕೊಂಡು ಹೊರಟುಹೋದ.

ಮರುದಿನ ಮುಂಜಾನೆ ಷಟರ್ ಎತ್ತುವಷ್ಟರಲ್ಲಿ ಬಂದು ನಿಂತಿದ್ದ. ಹಲಗೆ ಹೆಗಲಲ್ಲಿತ್ತು. ಎಂದಿನ ಚೀಲದ ಮೇಲೆ ಕೂರಲಿಲ್ಲ.

‘ನಿಮ್ಮ ಮ್ಯಾಲ ಹೇಳ್ಯಾರ್ರಿ ಅಕ್ಕಾರ.’

ನನಗೆ ಗೊತ್ತಿತ್ತು. ಪಾಳಿಯಿಂದ ಡಬ್ಬಿ ಎತ್ತಿಕೊಂಡು ಹೋದವಳನ್ನು ಕಂಡಾಗಿನಿಂದ ಗೊತ್ತಿತ್ತು. ಆದರೂ ಕೇಳಿದೆ, ‘ಏನಂತ?’

‘ಗಿರಣಿಗೆ ಯಾರೂ ಕಾಳು ತರಬಾರದಂತ. ಮನಿಗೆ ನೀರು ಬೆಂಕಿ ಇಲ್ಲಂತ.’

ಅಲ್ಲೇ ತಕ್ಕಡಿಯ ಪಕ್ಕ ಕುಳಿತೆ. ಗಿರಣಿ ನಿಂತರೆ ನಮ್ಮ ಒಲೆ ನಿಂತಂತೆ. ಬೇರೆ ಊರಿಗೆ ಹೋಗಿ ಗಿರಣಿ ಹೂಡಲು ಅದೇನು ಗಂಟುಮೂಟೆಯೇ? ಕಟಿಂಗ್ ಅಂಗಡಿಯವನ ಹೆಂಡತಿ ಕೆರೆಯ ದಾರಿಯಲ್ಲಿ ಒಬ್ಬಳೇ ಕೊಡ ಹೊತ್ತು ಹೋಗುತ್ತಿದ್ದುದು ಕಣ್ಣಮುಂದೆ ಬಂತು. ಎದುರಿಗೆ ಬಂದವರೆಲ್ಲಾ ಬೇಲಿ ಕಡೆ ಮುಖ ತಿರುಗಿಸುತ್ತಿದ್ದರು. ನಾನೂ ಒಂದು ದಿನ ತಿರುಗಿಸಿದ್ದೆ.

‘ಸಾರತಿ?’ ಎಂದೆ.

‘ಸಾರದಿದ್ರ ನಾಳಿಗೆ ನನ್ನ ಮ್ಯಾಲ ಹೇಳ್ತಾರ. ಸಾರಿದ್ರ ಟೀವ್ಯಾಗಿನವ್ರು ಒಯ್ದು ಒಳಗ ಹಾಕ್ತಾರ. ನಾ ಎಲ್ಲಿಗೆ ಹೋಗ್ಲಿ ಯವ್ವಾ?’ ಅಕ್ಕಾರ ಹೋಗಿ ಯವ್ವಾ ಆಗಿತ್ತು. ‘ಪೊಲೀಸ್ರು ಬಂದ್ರ ಯಾರನ್ನ ಹಿಡೀತಾರ? ಹಲಗಿ ಹೊತ್ತಾವನ್ನ. ಯಾರು ಹೇಳಿದ್ರು ಅಂತ ಕೇಳ್ತಾರ. ದೈವ ಹೇಳೈತ್ರಿ ಅಂದ್ರ, ಎಲ್ಲಿ ಕರಿ ನಿನ್ನ ದೈವನ ಅಂತಾರ. ಯಾರ್ನ ಕರಕೊಂಡು ಬರ್ಲಿ? ದೈವಕ್ಕ ಮಾರಿ ಐತೇನು?’

‘ನನ್ನ ಬದುಕ ಹೊಂಟೈತಿ, ನಿಂದೊಂದು ಜೇಲಿನ ಚಿಂತಿ! ಹೋಗು, ಏನ ಸಾರತಿ ಸಾರು,’ ಎಂದು ಕಿರುಚಿದೆ. ಅವನು ಹೋದ.

ಕಾರಟಗಿಗೆ ಫೋನ್ ಮಾಡಿದೆ. ಮಿಲ್ಲಿನ ಸದ್ದಿನೊಳಗಿಂದ ನಮ್ಮವರು ‘ಹೋಗಿ ಗೌಡ್ರ ಕಾಲಿಗೆ ಬಿದ್ದು ಮಾಫಿ ಕೇಳು’ ಎಂದರು. ನಿಮ್ಮ ಕಾಲೇ ಗಟ್ಟಿಯಿದೆ, ನೀವೇ ಬಂದು ಬೀಳ್ರಿ ಎಂದು ಇಟ್ಟೆ. ಆದರೆ ಬೀಳಬೇಕೆಂದು ಒಳಗೊಳಗೇ ಅನ್ನಿಸುತ್ತಿತ್ತು. ಷಟರ್ ಅರ್ಧ ಇಳಿಸಿ ಕತ್ತಲಲ್ಲಿ ಕುಳಿತೆ.

ಅಗಸಿಯಲ್ಲಿ ಹಲಗೆ ಬಡಿಯಿತು. ದೂರದ ಸದ್ದು, ಮಾತು ತಿಳಿಯಲಿಲ್ಲ. ಆಮೇಲೆ ಗೌಡರ ಓಣಿಯಲ್ಲಿ. ಆಮೇಲೆ ಗುಡಿಯ ಹತ್ತಿರ. ಪ್ರತಿ ಓಣಿಗೂ ಅದು ಹತ್ತಿರವಾಗುತ್ತಿತ್ತು. ಹಿಂದೆ ಎಷ್ಟೋ ಮನೆಗಳಿಗೆ ಹೀಗೆ ಹೋದ ಹಲಗೆಯನ್ನು ನಾನು ಗಿರಣಿಯ ಬಾಗಿಲಲ್ಲಿ ನಿಂತು ಕೇಳಿದ್ದೆ. ಒಳಗೆ ಕುಳಿತು ಕೇಳುವುದು ಬೇರೆಯೇ ಸಂಗತಿ.

ಕಿರಾಣಿ ಅಂಗಡಿಯ ಮೂಲೆಗೆ ಬಂದಾಗ ಮಾತು ಸ್ಪಷ್ಟವಾಯಿತು. ‘ಕೇಳ್ರೆಪ್ಪೋ ಕೇಳ್ರಿ! ಗಿರಣಿ ಅಕ್ಕಾರ ಗಿರಣಿಗೆ ಯಾರೂ ಕಾಳು ಒಯ್ಯಬಾರದಂತ!’ ಎಂದ. ಅಲ್ಲಿಂದ ‘ದೈವ ಹೇಳೈತಿ’ ಬರಬೇಕು. ಬರಲಿಲ್ಲ. ಬಂದದ್ದು ಗೌಡರ ಹೆಸರು. ಅವರ ಅಪ್ಪನ ಹೆಸರು, ಮನೆತನದ ಅಡ್ಡಹೆಸರು, ಯಾವ ಓಣಿ ಎಂಬುದು, ಎಲ್ಲಾ ಸೇರಿಸಿ, ‘ಇವರು ಹೇಳ್ಯಾರ!’ ಎಂದು ಸಾರಿದ. ಹಲಗೆಗೆ ಒಂದು ಪೆಟ್ಟು. ಆಮೇಲೆ ಗೊಬ್ಬರದಂಗಡಿ ಸಾವುಕಾರರ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ‘ಇವರು ಹೇಳ್ಯಾರ!’ ಮತ್ತೊಂದು ಪೆಟ್ಟು. ಆಮೇಲೆ ಪಂಚಾಯ್ತಿಯ ಮಾಜಿ ಅಧ್ಯಕ್ಷರ ಹೆಸರು. ‘ಇವರೂ ಹೇಳ್ಯಾರ! ನಾ ಹೇಳಿಲ್ಲ! ಸಾರು ಅಂದ್ರು, ಸಾರೇನಿ! ಪೊಲೀಸ್ರು ಬಂದ್ರ ಇವರ ಮನಿ ತೋರಸ್ರಿ!’

ಆ ಹೆಸರುಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಮುತ್ಯಾನಷ್ಟು ಅಂಜಿಕೆ ನನಗೆ ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ. ಅದಕ್ಕೇ ಅಷ್ಟು ಧೈರ್ಯವೂ ಇಲ್ಲ.

ಷಟರ್ ಕೆಳಗಿಂದ ಬಗ್ಗಿ ನೋಡಿದೆ. ಗೊಬ್ಬರದಂಗಡಿಯವರು ಬರಿಗಾಲಲ್ಲಿ ಓಡಿಬರುತ್ತಿದ್ದರು. ಮಾಜಿ ಅಧ್ಯಕ್ಷರ ಟವೆಲ್ಲು ಹೆಗಲಿಂದ ಜಾರಿತ್ತು. ‘ಏ ಮುದುಕಾ, ಬಾಯಿ ಮುಚ್ಚೋ!’ ಅವರು ಹೊಡೆಯಲು ಬಂದರೆಂದು ಮುತ್ಯಾನಿಗೆ ಇನ್ನೂ ಅಂಜಿಕೆಯಾಗಿರಬೇಕು. ಅಂಜಿಕೆಯಾದಷ್ಟೂ ಅವನ ದನಿ ಏರಿತು. ಒಂದು ಕಣ್ಣು ಮುಚ್ಚುವ ಬದಲು ಎರಡನ್ನೂ ಮುಚ್ಚಿಕೊಂಡಿದ್ದ. ಪದ್ಧತಿ ಬಿಡದೆ ನನ್ನ ಬಾಗಿಲಿಗೆ ಬಂದು ನಿಂತ, ಮತ್ತೆ ಎಲ್ಲರ ಹೆಸರನ್ನೂ ಅಪ್ಪಂದಿರ ಸಮೇತ ಸಾರಿದ. ಮನೆಮನೆಯ ಕಟ್ಟೆಯ ಮೇಲೆ ಜನ ನಿಂತಿದ್ದರು. ಕೆಲವರ ಕೈಯಲ್ಲಿ ಮೊಬೈಲ್ ಇತ್ತು.

ಮಾಜಿ ಅಧ್ಯಕ್ಷರು ಆ ಮೊಬೈಲುಗಳನ್ನು ನೋಡಿದರು. ಅವರ ದನಿ ಒಮ್ಮೆಲೇ ಮೆತ್ತಗಾಯಿತು. ‘ಯಾವ ಬಹಿಷ್ಕಾರ? ಯಾರೂ ಏನೂ ಹೇಳಿಲ್ಲ. ಮುದುಕಗ ಅರಳು ಮರಳು ಆಗೈತಿ. ನೀವೆಲ್ಲಾ ಹೋಗ್ರಿ ನಿಮ್ಮ ನಿಮ್ಮ ಕೆಲಸಕ್ಕ.’

ನನಗೆ ಎಲ್ಲಿಂದ ಮಾತು ಬಂತೋ ದೇವರೇ ಬಲ್ಲ. ಷಟರ್ ಕೆಳಗಿಂದಲೇ ಕೇಳಿದೆ, ‘ಹಂಗಾರ ಆ ಕಟಿಂಗ್ ಅಂಗಡಿಯವಂದ್ರಿ?’

ಅವರು ಗೌಡರ ಮುಖ ನೋಡಿದರು. ಗೌಡರು ದೂರದಲ್ಲಿ ಕಟ್ಟೆಗೆ ಒರಗಿ ನಿಂತಿದ್ದವರು ಮುಖ ತಿರುಗಿಸಿದರು. ‘ಅದೂ ಇಲ್ಲವಾ, ಯಾವುದೂ ಇಲ್ಲ,’ ಎಂದರು ಮಾಜಿ ಅಧ್ಯಕ್ಷರು. ಮಧ್ಯಾಹ್ನಕ್ಕೆಲ್ಲಾ ನನ್ನ ಗಿರಣಿಯ ಮುಂದೆ ಡಬ್ಬಿಗಳ ಪಾಳಿ ಹತ್ತಿತ್ತು. ಡಬ್ಬಿ ಎತ್ತಿಕೊಂಡು ಹೋಗಿದ್ದವಳೂ ಅದರಲ್ಲಿದ್ದಳು. ಕಟಿಂಗ್ ಅಂಗಡಿಯವನ ಹೆಂಡತಿ ಮುಂಬಾಗಿಲಿಂದ ಬಂದಳು.

ಮುತ್ಯಾ ಜ್ವರ ಬಂದು ಮಲಗಿಬಿಟ್ಟ. ಊರ ಹುಡುಗರು ಅವನನ್ನು ಹುಲಿ ಎಂದರು. ನಾನು ನೋಡಲು ಹೋದಾಗ ಹುಲಿ ಕಂಬಳಿಯೊಳಗೆ ಮುದುಡಿಕೊಂಡು ‘ಪೊಲೀಸ್ರು ಬಂದಾರೇನ್ರಿ?’ ಎಂದು ಕೇಳಿತು. ನಾನು ಅವನಿಗೆ ಕೈ ಮುಗಿದೆ. ನಿನ್ನ ಉಪಕಾರ ಹೆಂಗ ತೀರಸ್ಲಿ ಮುತ್ಯಾ ಎಂದೆ. ಅವನಿಗೆ ಅರ್ಥವೇ ಆಗಲಿಲ್ಲ. ‘ನಿಮ್ಮ ಸಲುವಾಗಿ ಅಲ್ರಿ, ನನ್ನ ಜೀವದ ಸಲುವಾಗಿ ಹೆಸರ ಹೇಳಿದ್ನಿ,’ ಎಂದ. ಎಂಥ ಪ್ರಾಮಾಣಿಕ ಅಂಜುಬುರುಕ!

ಕಟ್ಟೆಯವರು ಅವನನ್ನು ಮುಟ್ಟಲಿಲ್ಲ. ಮುಟ್ಟಿದರೆ ಕಾಯ್ದೆ ಇದೆಯಲ್ಲ ಎಂದು ಅವರಿಗೂ ಭಯ. ಅವನಿಗೆ ಡಂಗುರ ಹೇಳುವುದನ್ನು ಬಿಟ್ಟರು, ಸುಗ್ಗಿಯಲ್ಲಿ ಡಂಗುರದ ಕೂಲಿಯೆಂದು ಕೊಡುತ್ತಿದ್ದ ಆಯದ ಜೋಳವನ್ನು ಸದ್ದಿಲ್ಲದೆ ನಿಲ್ಲಿಸಿದರು. ಬಾಯಿಬಿಟ್ಟು ಯಾರೂ ಏನೂ ಅನ್ನಲಿಲ್ಲ. ಅವನ ಜೋಳ ನಾನು ಬೀಸಿಕೊಡುತ್ತಿದ್ದೆ, ಅವನು ಬಾಗಿಲ ಹತ್ತಿರ ಚೀಲದ ಮೇಲೆ ಕೂರುತ್ತಿದ್ದ. ಅವನಿಗೀಗ ಹೊಸದೊಂದು ಅಂಜಿಕೆ ಹತ್ತಿಕೊಂಡಿತ್ತು. ಹಿಂದೆ ಸಾರಿದ ಬಹಿಷ್ಕಾರಗಳಿಗೆಲ್ಲಾ ಸೇರಿಸಿ ಯಾವಾಗ ಬಂದು ಹಿಡಿಯುತ್ತಾರೋ ಎಂದು.

ನಮ್ಮಕ್ಕನ ಮಗ ಕುಷ್ಟಗಿ ಕೋರ್ಟಿನಲ್ಲಿ ವಕೀಲ. ಸಂಕ್ರಾಂತಿ ಆದಮೇಲೆ ಮನೆಗೆ ಬಂದಿದ್ದ. ಈ ಕತೆಯನ್ನೆಲ್ಲಾ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕ. ‘ಚಿಗವ್ವಾ, ಟೀವ್ಯಾಗ ಪಾಸ್ ಆಗಿದ್ದು ಬರೇ ಮಸೂದಿ. ಅಲ್ಲಿಂದ ಮ್ಯಾಲಿನ ಮನಿಗೆ ಹೋಗಬೇಕು, ರಾಜ್ಯಪಾಲ್ರು ಸಹಿ ಹಾಕಬೇಕು, ಗೆಜೆಟ್ಟಿನ್ಯಾಗ ಬರಬೇಕು. ಆಮ್ಯಾಲ ಅದು ಕಾಯ್ದೆ. ಅವತ್ತು ನಿಮ್ಮೂರಾಗ ಕಾಯ್ದೆ ಎಲ್ಲಿತ್ತು?’

ಮುತ್ಯಾನಿಗೆ ಸಮಾಧಾನವಾಗಲಿ ಎಂದು ಇದನ್ನು ಹೇಳಿದೆ. ಅವತ್ತಿನ ದಿನ ಕಾಯ್ದೆಯೇ ಇರಲಿಲ್ಲ, ನಿನ್ನನ್ನು ಯಾರೂ ಹಿಡಿಯುವುದಿಲ್ಲ, ನಿಶ್ಚಿಂತೆಯಿಂದ ಉಣ್ಣು ಎಂದೆ.

ಅವನು ನಗುತ್ತಾನೆಂದುಕೊಂಡಿದ್ದೆ. ಅವನು ನನ್ನ ಮುಖವನ್ನೇ ನೋಡಿದ. ‘ಅವತ್ತು ಇರಲಿಲ್ಲೇನ್ರಿ?’

‘ಇರಲಿಲ್ಲ.’

‘ನಾ ಅವರ ಹೆಸರ ಹಿಡದು ಸಾರುವಾಗ ನನ್ನ ಹಿಂದ ಯಾರೂ ಇರಲಿಲ್ಲ?’

‘ಯಾರೂ ಇರಲಿಲ್ಲ ಮುತ್ಯಾ.’

ತಿರುಗಿ ತನ್ನ ಬೆನ್ನ ಹಿಂದಿನ ಗೋಡೆ ನೋಡಿದ. ಎದ್ದು ಬಂದು, ಜನ್ಮದಲ್ಲಿ ಮೊದಲ ಸಲ ಆ ಪಟ್ಟಾದ ಪಕ್ಕಕ್ಕೇ ಬಂದು ನಿಂತು, ಪಿಸುಮಾತಿನಲ್ಲಿ ಹೇಳಿದ, ‘ಇದನ್ನ ಯಾರಿಗೂ ಹೇಳಬ್ಯಾಡ್ರಿ ಅಕ್ಕಾರ. ಅವರಿಗೆ ತಿಳಿಬಾರದು.’ ಅವನಿಗೆ ಪಿಸುಮಾತು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಅಲ್ಲಿಂದ ನಾವಿಬ್ಬರೂ ಒಂದೇ ಅಂಜಿಕೆಯಲ್ಲಿ ಬದುಕಿದೆವು. ಟೀವಿಯಲ್ಲಿ ರಾಜ್ಯಪಾಲರು ಎಂಬ ಮಾತು ಬಂದರೆ ಸಾಕು, ಅವನು ‘ಸಹಿ ಆತೇನ್ರಿ?’ ಎನ್ನುತ್ತಿದ್ದ. ಯಾವುದೋ ಸಮಾರಂಭ ಇರುತ್ತಿತ್ತು, ಯಾವುದೋ ಜಗಳ ಇರುತ್ತಿತ್ತು. ನಮ್ಮದು ಏನಾಯಿತೆಂದು ಟೀವಿಯವರು ಮತ್ತೆ ಹೇಳಲಿಲ್ಲ. ಅಕ್ಕನ ಮಗನನ್ನು ಫೋನಿನಲ್ಲಿ ಕೇಳಲು ನನಗೇ ಭಯ. ಇನ್ನೂ ಆಗಿಲ್ಲ ಎಂದುಬಿಟ್ಟರೆ? ಕಟ್ಟೆಯ ಮುಂದೆ ಹಾಯುವಾಗ ಅಲ್ಲಿ ಯಾರಾದರೂ ಪೇಪರ್ ಓದುತ್ತಿದ್ದರೆ ನನ್ನ ಕಾಲುಗಳು ತಾವೇ ಬಿರುಸಾಗುತ್ತಿದ್ದವು.

ಹೀಗಿರುವಾಗ ಮುತ್ಯಾ ಒಂದು ಮಧ್ಯಾಹ್ನ ಮನೆಯ ಜಗಲಿಯ ಮೇಲೆ ಕುಳಿತವನು ಕುಳಿತಂತೆಯೇ ಹೋದ. ಕಟಿಂಗ್ ಅಂಗಡಿಯವನು ಅಂಗಡಿ ಮುಚ್ಚಿ ಬಂದು, ಅವನ ಗಡ್ಡ ತೆಗೆದು, ಮೀಸೆ ತಿದ್ದಿ, ಗಲ್ಲ ಒರೆಸಿದ. ನಾನು ಅತ್ತೆ. ಸಿಟ್ಟಿನಿಂದಲೂ ಅತ್ತೆ. ನನ್ನನ್ನು ಇದರಲ್ಲಿ ಒಬ್ಬಳನ್ನೇ ಬಿಟ್ಟು ಹೋದನಲ್ಲ ಎಂದು.

ಮಣ್ಣು ಮಾಡಿದ ಎರಡು ದಿನಕ್ಕೆ ಗೌಡರು ಗಿರಣಿಗೆ ಬಂದರು. ಅವರ ಮನೆಯ ಕಾಳನ್ನು ಆಳು ತರುತ್ತಾನೆ. ಅವತ್ತು ತಾವೇ ಗೋಧಿಯ ಡಬ್ಬಿ ಹಿಡಿದು ಬಂದು, ಬಾಗಿಲ ಹತ್ತಿರದ ಆ ಚೀಲದ ಮೇಲೆಯೇ ಕುಳಿತರು. ಗಿರಣಿಯಲ್ಲಿ ಬೇರೆ ಯಾರೂ ಇರಲಿಲ್ಲ. ಮೋಟಾರು ನಿಂತ ಮೇಲೆ ಹೇಳಿದರು, ‘ಅವತ್ತು ಆ ಕಾಯ್ದೆ ಇರಲಿಲ್ಲಂತಲ್ಲ ತಂಗಿ.’

ನಾನು ಹಿಟ್ಟನ್ನು ಡಬ್ಬಿಗೆ ತುಂಬುತ್ತಲೇ ಇದ್ದೆ. ‘ನನಗೇನು ಗೊತ್ರಿ ಗೌಡ್ರ, ನಾ ಹಿಟ್ಟ ಬೀಸಾಕಿ,’ ಎಂದೆ.

‘ಇರ್ಲಿ ಬಿಡು. ಈಗ ಬಂದೈತೋ ಇಲ್ಲೋ, ನಾಳಿಗೆ ಬರತೈತೋ, ಅದು ಅವರಿಗೆ ಬಿಟ್ಟದ್ದು. ನಾವೂ ಹುಷಾರ ಇರಬೇಕು ನೋಡು.’ ಅವರ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ‘ಮುದುಕ ಪಾಪ ಛಲೋ ಮನಷ್ಯಾ. ಅಂಜಿ ಹೆಸರ ಹೇಳಿಬಿಟ್ಟ. ಮನಷ್ಯಾ ಅಂದ ಮ್ಯಾಲ ಅಂಜತಾನ.’

‘ಡಂಗುರಕ್ಕ ಇನ್ನ ಯಾರ್ರಿ?’ ಎಂದು ಕೇಳಿದೆ. ಏನಾದರೂ ಮಾತಾಡಬೇಕಿತ್ತು.

‘ಅವನ ಮೊಮ್ಮಗ ಒಲ್ಲೆ ಅಂದ. ಒಲ್ಲೆ ಅನ್ಲಿ. ಮನಷ್ಯಾರ ಉಸಾಬರಿನ ಬ್ಯಾಡ ಅಂತ ಮಾಡೇವಿ. ಕಸದ ಗಾಡಿಗೆ ಮೈಕ್ ಐತೆಲ್ಲ? ಫೋನಿನ್ಯಾಗ ಬರದು ಕೊಟ್ರ ಅದ ಮಾತಾಡತೈತಂತ. ಹೆಣ್ಣ ದನಿ, ಭಾಳ ಚಂದ ಐತಿ. ಅದು ಯಾರ ದನಿ ಅಂತ ಯಾರಿಗೂ ಹೇಳಾಕ ಬರೂದಿಲ್ಲ.’ ಡಬ್ಬಿ ಎತ್ತಿಕೊಂಡು, ಹೊಸ್ತಿಲಲ್ಲಿ ತಿರುಗಿ ನಿಂತು ನಕ್ಕರು. ‘ಮತ್ತ ಅದಕ್ಕ ಅಂಜಿಕಿ ಇರೂದಿಲ್ಲ ನೋಡು.’

ಕಸದ ಗಾಡಿ ದಿನಾ ಮುಂಜಾನೆ ಬರುತ್ತದೆ. ಅಗಸಿಯ ತಿರುವಿನಲ್ಲಿ ಅದರ ಮೈಕಿನ ಗೊರಗೊರ ಕೇಳಿದ ಕೂಡಲೇ ನಾನು ಗಿರಣಿ ಬಂದ್ ಮಾಡುತ್ತೇನೆ. ಪಾಳಿಯಲ್ಲಿರುವ ಹೆಣ್ಣುಮಕ್ಕಳು ‘ಯಾಕವಾ, ಕರೆಂಟ್ ಐತೆಲ್ಲ, ಹಾಕು’ ಎಂದು ಗದರುತ್ತಾರೆ. ತಡಿರವ್ವಾ ಎಂದು ಕೈ ತೋರಿಸಿ ಬಾಗಿಲಿಗೆ ಬಂದು ನಿಲ್ಲುತ್ತೇನೆ. ಗಾಡಿ ಗೌಡರ ಓಣಿ ದಾಟಿ, ಗುಡಿ ದಾಟಿ, ಕಿರಾಣಿ ಅಂಗಡಿಯ ಮೂಲೆಗೆ ತಿರುಗಿ, ನನ್ನ ಬಾಗಿಲಿಗೆ ಬಂದು ನಿಲ್ಲುತ್ತದೆ. ಆ ಚಂದದ ಹೆಣ್ಣು ದನಿ ಒಂದು ಗಳಿಗೆ ಸುಮ್ಮನಿದ್ದು, ಹಸಿ ಕಸ ಒಣ ಕಸ ಬೇರೆ ಬೇರೆ ಹಾಕಿರಿ ಎನ್ನುತ್ತದೆ. ಇವತ್ತೂ ಅಷ್ಟೇ ಅಂದಿತು.